ನೀರಿಗೆ ಬಿಟ್ಟ ಕಾರು

ಮಾರ್ಗಶಿರದ ಮೊದಲ ಶನಿವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಸ್ಥಳ, ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಹಳೇ ಕಾರು ಮಾರುವವನ ಅಂಗಳ. ಹಾಜರಿದ್ದವರು ಮೂವರು: ಕಾರು ಕೊಳ್ಳಲು ಬಂದ ನರ್ಸ್, ಮಾರಲು ನಿಂತ ವ್ಯಾಪಾರಿ, ನೋಡಿ ಹೇಳಲು ಹೋದ ನಾನು. ಎದುರಿಗೆ ಬೂದು ಬಣ್ಣದ ಪೆಟ್ರೋಲ್ ಸೆಡಾನ್. ಹಿಂದೆ ಡಿಕ್ಕಿ ಚಾಚಿಕೊಂಡಿರುವ ಇಂಥ ಗಾಡಿಗೆ ನಮ್ಮ ಕಡೆ ಡಿಕ್ಕಿ ಕಾರು ಅಂತಲೇ ಹೆಸರು.

ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು.

ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡ ಎಂದು ಹಿಂದಿನ ಸಂಜೆಯೇ ವ್ಯಾಪಾರಿಗೆ ಫೋನಿನಲ್ಲಿ ಹೇಳಿದ್ದೆ. ರಾತ್ರಿಯಿಡೀ ನಿಂತ ಎಂಜಿನ್ ಬೆಳಿಗ್ಗೆ ಮೊದಲ ಸಲ ಎದ್ದಾಗ ಮಾತ್ರ ತನ್ನ ಕಾಯಿಲೆ ತೋರಿಸುತ್ತದೆ. ಒಮ್ಮೆ ಬಿಸಿಯಾದ ಮೇಲೆ ಎಂಥ ಮುದಿ ಎಂಜಿನ್ನೂ ಮದುಮಗನಂತೆ ನಿಲ್ಲುತ್ತದೆ. ಸಾರಿಗೆ ಡಿಪೋದ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯಾಗಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

"ಚಳಿ ಐತಲ್ಲ ಮೇಸ್ತ್ರೀ, ಒಂಚೂರು ಬೆಚ್ಚಗೆ ಮಾಡಿ ಇಟ್ಟೀನಿ. ನಿಮಗೆ ಅನುಕೂಲ ಆಗ್ಲಿ ಅಂತ" ಎಂದ ವ್ಯಾಪಾರಿ.

"ಅನುಕೂಲ ಆಗಿದ್ದು ನಿನಗೆ. ತಣ್ಣಗಾಗ್ಲಿ. ಒಂಬತ್ತೂವರೆಗೆ ಬರ್ತೀವಿ. ಕೀ ನನ್ನ ಕೈಯಾಗೆ ಕೊಡು."

ಅವನು ನಕ್ಕು ಕೀ ಕೊಟ್ಟ. ಮಾತು ಜಾಸ್ತಿ, ಆದರೆ ಮುನಿಸಿಕೊಳ್ಳುವ ಮನುಷ್ಯನಲ್ಲ. ನಾನೂ ಹುಡುಗಿಯೂ ಎದುರಿನ ಹೋಟೆಲ್ಲಿಗೆ ಹೋಗಿ ಒಗ್ಗರಣೆ ಮಂಡಕ್ಕಿ ತಿಂದು ಕೂತೆವು.

ನರ್ಸನ್ನು ಹುಡುಗಿ ಎಂದೆ, ಆದರೆ ಅವಳಿಗೆ ಮೂರೂವರೆ ವರ್ಷದ ಮಗಳಿದ್ದಾಳೆ. ಹುಡುಗಿಯ ಅಪ್ಪ ನಮ್ಮ ಡಿಪೋದಲ್ಲಿ ಚಾಲಕರಾಗಿದ್ದವರು, ಈಗಿಲ್ಲ. ಚಿಕ್ಕಂದಿನಿಂದ ನನ್ನನ್ನು ದೊಡ್ಡಪ್ಪ ಎನ್ನುತ್ತಾಳೆ. ಗಂಡ ಸೇನೆಯಲ್ಲಿದ್ದಾನೆ, ರಜೆಗೆ ಇನ್ನೂ ನಾಲ್ಕು ತಿಂಗಳು. ಅವಳಿಗೆ ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ಕೆಲಸ. ಇಷ್ಟು ದಿನ ಬೆಳಗಿನ ಪಾಳಿ, ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದಳು. ಸೋಮವಾರದಿಂದ ಪಾಳಿ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟಕ್ಕೆ ಬದಲಾಗಿತ್ತು. ಎಂಟರ ಮೇಲೆ ಚಳ್ಳಕೆರೆ ಕಡೆಗೆ ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಲ್ಲೇ ಕ್ವಾರ್ಟರ್ಸಿನಲ್ಲಿ ಇನ್ನೊಬ್ಬ ನರ್ಸಿನ ಜೊತೆ ಒಂದು ಕೋಣೆ ಕೊಡುವುದಾಗಿ ಆಸ್ಪತ್ರೆಯವರು ಹೇಳಿದ್ದರು. ಆ ಕೋಣೆಯಲ್ಲಿ ಮಗುವಿಗೆ ಜಾಗವಿಲ್ಲ. ಮಗಳನ್ನು ಅವ್ವನ ಹತ್ತಿರ ಚಳ್ಳಕೆರೆಯಲ್ಲಿ ಬಿಟ್ಟು ವಾರಕ್ಕೊಮ್ಮೆ ಬಂದು ನೋಡಬೇಕು. ಇಲ್ಲವಾದರೆ ಸೋಮವಾರದೊಳಗೆ ಒಂದು ಕಾರು ಬೇಕು. ಎರಡು ತಿಂಗಳ ಹಿಂದೆ ಲೈಸೆನ್ಸ್ ತೆಗೆದುಕೊಂಡಿದ್ದಳು. ಕೈಯಲ್ಲಿದ್ದ ದುಡ್ಡಿಗೆ ಹೊಂದುವ ಗಾಡಿ ಇದೊಂದೇ.

ಹಳೇ ಗಾಡಿ ನೋಡಿ ಹೇಳು ಎಂದು ಈಗಲೂ ಜನ ನನ್ನನ್ನು ಕರೆಯುತ್ತಾರೆ. ನಾನು ಒಂದು ಪುಸ್ತಕ ಇಟ್ಟುಕೊಂಡಿದ್ದೇನೆ. ಅದರಲ್ಲಿ ನಲವತ್ತೆರಡು ಸಾಲು, ಡಿಪೋದಲ್ಲಿ ಬೆಳಗಿನ ಬಸ್ಸು ಗೇಟು ದಾಟುವ ಮುಂಚೆ ನೋಡುತ್ತಿದ್ದ ಕ್ರಮದಲ್ಲೇ. ಚಾಲಕನ ಬಾಗಿಲಿನಿಂದ ಶುರುಮಾಡಿ ಬಲಕ್ಕೆ ಸುತ್ತು. ಮೊದಲು ನೆಲ, ಆಮೇಲೆ ಚಕ್ರ, ಆಮೇಲೆ ಮೈ, ಕೊನೆಗೆ ಹೊಟ್ಟೆ. ನಡುವೆ ಯಾರಾದರೂ ಮಾತಾಡಿಸಿದರೆ ಆ ಸಾಲನ್ನು ಮತ್ತೆ ಮೊದಲಿಂದ ನೋಡುತ್ತೇನೆ. ಕೊನೆಯಲ್ಲಿ ಒಂದೇ ಮಾತು ಬರೆಯುವುದು: "ತಗೋ" ಅಥವಾ "ಬ್ಯಾಡ". ಯಾಕೆಂದು ಕೇಳಿದವರಿಗೆ ಪುಸ್ತಕ ತೋರಿಸುತ್ತೇನೆ.

ಮಂಡಕ್ಕಿ ತಿನ್ನುತ್ತಾ ಹುಡುಗಿಗೆ ನನ್ನ ಅನುಮಾನ ಹೇಳಿದೆ. ಮೊದಲ ಕಾರು ತಪ್ಪು ಸಹಿಸುವಂತಿರಬೇಕು. ಡಿಕ್ಕಿ ಕಾರು ಉದ್ದ. ಹಿಂದಕ್ಕೆ ತೆಗೆಯುವಾಗ ಬಾಲ ಎಲ್ಲಿ ಮುಗಿಯುತ್ತದೆಂದು ಹೊಸಬರಿಗೆ ತಿಳಿಯದು. ಹೊಟ್ಟೆ ನೆಲಕ್ಕೆ ಹತ್ತಿರ. ನಮ್ಮ ರಸ್ತೆಗಳಲ್ಲಿ ಊರಿಗೊಂದು ಹಂಪು, ಒಂದೊಂದು ಊರಿನವರು ಒಂದೊಂದು ಎತ್ತರಕ್ಕೆ ಹಾಕಿಕೊಂಡಿರುತ್ತಾರೆ. ಇವಳ ದಿನದ ದಾರಿಯಲ್ಲಿ ಅಂಥವು ಎಷ್ಟಿವೆಯೋ. ಹಾಗೆಯೇ ಒಳ್ಳೆಯದನ್ನೂ ಹೇಳಿದೆ. ಹೆದ್ದಾರಿಯಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಲಾರಿಗಳು ಪಕ್ಕದಲ್ಲೇ ಹಾದುಹೋದಾಗ ಸಣ್ಣ ಕಾರು ಅಲ್ಲಾಡುತ್ತದೆ, ಇದು ಕೂತಲ್ಲಿ ಕೂತಿರುತ್ತದೆ. ಈ ಮಾದರಿಯನ್ನು ಟ್ಯಾಕ್ಸಿಗೂ ಓಡಿಸುತ್ತಾರೆ, ಹಾಗಾಗಿ ಬಿಡಿಭಾಗ ಚಳ್ಳಕೆರೆಯಲ್ಲೇ ಸಿಗುತ್ತದೆ.

"ಅಂದ್ರೆ ಒಳ್ಳೇದೋ ಕೆಟ್ಟದ್ದೋ ದೊಡ್ಡಪ್ಪ?"

"ನೋಡದೆ ಹೆಂಗೆ ಹೇಳ್ಲಿ?"

ಒಂಬತ್ತೂವರೆಗೆ ಬಾನೆಟ್ಟು ತಣ್ಣಗಾಗಿತ್ತು. ಕೆಲಸ ಹಿಡಿದೆ.

ನೆಲದಲ್ಲಿ ಎಣ್ಣೆಯ ಕಲೆಯಿಲ್ಲ. ನಾಲ್ಕು ಟೈರೂ ಒಂದೇ ವಯಸ್ಸಿನವು, ಸವೆತ ಸಮ. ಬಾಗಿಲುಗಳ ಸಂದಿಗೆ ಕಿರುಬೆರಳು ಆಡಿಸಿ ನೋಡಿದೆ, ಎಲ್ಲ ಕಡೆ ಒಂದೇ ಅಗಲ. ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಮೈಮೇಲೆ ಎಳೆದೆ. ಎಡ ಹಿಂಬದಿ ಬಾಗಿಲಿನಲ್ಲಿ ಅಂಗೈಯಗಲ ಜಾಗದಲ್ಲಿ ಹಿಡಿತ ಬಿಟ್ಟಿತು; ಯಾವಾಗಲೋ ತಗುಲಿ ತಗ್ಗಾದಲ್ಲಿ ಪುಟ್ಟಿ ಮೆತ್ತಿದ್ದಾರೆ, ದೊಡ್ಡದಲ್ಲ. ಚಕ್ರದ ಮೇಲೆ ಮಡ್‌ಗಾರ್ಡಿನವರೆಗಿನ ಸಂದಿ ಮುಂದೆ ನಾಲ್ಕು ಬೆರಳು, ಹಿಂದೆ ಮೂರು. ಡಿಕ್ಕಿ ಕಾರುಗಳು ಕೂರುವುದೇ ಹಾಗಿರಬಹುದೆಂದು ಬರೆದುಕೊಂಡು ಮುಂದೆ ಹೋದೆ. ಎಂಜಿನ್ ಮೊದಲ ಸಲಕ್ಕೇ ಎದ್ದಿತು, ಹೊಗೆಯಿಲ್ಲ, ಟಪಟಪ ಸದ್ದಿಲ್ಲ. ಷೆಡ್ಡಿನ ಕತ್ತಲೆಯಲ್ಲಿ ಹೆಡ್‌ಲೈಟು ಗೋಡೆಗೆ ಬಿಟ್ಟು ಎರಡೂ ಸಮ ಎತ್ತರದಲ್ಲಿವೆಯೆಂದು ಖಾತ್ರಿ ಮಾಡಿಕೊಂಡೆ, ಏಕೆಂದರೆ ಇವಳು ಬರುವುದೇ ಕತ್ತಲೆಯಲ್ಲಿ. ಆರ್‌ಸಿ ಮೊದಲು ಬೆಂಗಳೂರಿನದು. ಎರಡನೆಯ ಮಾಲೀಕರು ಮೊಳಕಾಲ್ಮೂರಿನವರು. ಅವರಿಂದ ಮೂರು ವಾರದ ಹಿಂದೆ ವ್ಯಾಪಾರಿ ತಂದಿದ್ದ.

ಸ್ಟೆಪ್ನಿ ಎಂದಾಗ ವ್ಯಾಪಾರಿ ತಾನೇ ಚಕ್ರ ಎತ್ತಿ ಹೊರಗೆ ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದ. ಗಾಳಿ ಇತ್ತು, ಟೈರಿನ ಹಲ್ಲು ಸವೆದಿಲ್ಲ. ಗೀಟು ಹಾಕಿದೆ. ಅವನು ಮತ್ತೆ ಉರುಳಿಸಿಕೊಂಡು ಹೋಗಿ ಇಟ್ಟ.

ಇಲ್ಲಿ ತಪ್ಪು ನನ್ನದು. ಬಸ್ಸಿನಲ್ಲಿ ಸ್ಟೆಪ್ನಿ ತೂಗುಹಾಕಿರುತ್ತದೆ, ಅದಕ್ಕೆ ಗೂಡಿಲ್ಲ. ಕಾರಿನಲ್ಲಿ ಅದು ಡಿಕ್ಕಿಯ ತಳದ ತಗ್ಗಿನಲ್ಲಿ ಮಲಗಿರುತ್ತದೆ. ನಾನು ಚಕ್ರ ನೋಡಿದೆ, ಅದು ಮಲಗುವ ತಗ್ಗನ್ನು ನೋಡಲಿಲ್ಲ.

ಹತ್ತೂಕಾಲಿಗೆ ರಸ್ತೆಗೆ ಇಳಿದೆವು. ಹುಡುಗಿಯೇ ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ವ್ಯಾಪಾರಿ ಹಿಂದೆ. ಕ್ಲಚ್ ಮೆತ್ತಗೆ, ಬ್ರೇಕು ಒಂದೇ ಕಡೆ ಎಳೆಯುತ್ತಿರಲಿಲ್ಲ. ಒಂದು ಸಲ ಮೂರನೇ ಗೇರಿನಲ್ಲೇ ನಿಂತುಬಿಟ್ಟು ಅದರಲ್ಲೇ ಹೊರಟಳು. ಕಾರು ಗೊಣಗಿತು, ಆರಲಿಲ್ಲ. ತಪ್ಪು ಸಹಿಸುತ್ತದೆ ಎಂದು ಬರೆದುಕೊಂಡೆ. ಪಶ್ಚಿಮದಿಂದ, ವರವು ಕಾವಲಿನ ಬಯಲು ದಾಟಿ ಬರುವ ಗಾಳಿ ಅಡ್ಡಲಾಗಿ ಬೀಸುತ್ತಿತ್ತು, ಗಾಡಿ ಸರಿಯಲಿಲ್ಲ. ಆದರೆ ಒಂದು ಊರಿನ ಹಂಪಿನ ಮೇಲೆ ಹೊಟ್ಟೆ ಕರ್ರನೆ ಉಜ್ಜಿತು. ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಚಾಲನೆಯಲ್ಲಿ ತಪ್ಪಿರಲಿಲ್ಲ, ನಡಿಗೆಯ ವೇಗದಲ್ಲೇ ಹತ್ತಿಸಿದ್ದಳು. ಮೂವರು ಕೂತರೆ ಉಜ್ಜುವ ಕಾರು ಐವರು ಕೂತರೆ ಏನು ಮಾಡೀತು? ಆ ಸಾಲಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ.

ಅಂಗಳಕ್ಕೆ ವಾಪಸು ಬಂದಾಗ ಹನ್ನೊಂದು ಗಂಟೆ. ಉಳಿದದ್ದು ಆ ಒಂದು ಪ್ರಶ್ನೆ ಚಿಹ್ನೆ. ಹಂಪನ್ನು ಓರೆಯಾಗಿ ಹತ್ತಿಸಲು ಕಲಿಸಿದರಾಯಿತು ಎಂದು ಮನಸ್ಸಿನಲ್ಲಿ "ತಗೋ" ಎಂದಾಗಿತ್ತು. ಪೆನ್ನಿನ ಮುಚ್ಚಳ ತೆಗೆದೆ.

ಅಷ್ಟರಲ್ಲಿ ಹುಡುಗಿ ಡಿಕ್ಕಿ ತೆರೆದು ಹಾಸನ್ನು, ಅದರ ಕೆಳಗಿನ ಹಲಗೆಯನ್ನು ಎತ್ತಿ ಹಿಡಿದು ಬಗ್ಗಿದ್ದಳು. ಏನು ನೋಡುತ್ತಿದ್ದೀಯ ಎಂದೆ.

"ರೋಗಿ ಮೇಲಿಂದ ಚೆನ್ನಾಗೇ ಕಾಣ್ತಾರೆ ದೊಡ್ಡಪ್ಪ. ಬೆನ್ನು ಹೊರಳಿಸಿ ನೋಡೋದು ನಮ್ಮ ರೂಢಿ. ಇಲ್ಲಿ ಬರ್ರಿ."

ಹೋಗಿ ನೋಡಿದೆ. ಸ್ಟೆಪ್ನಿಯ ಕೆಳಗೆ, ತಗ್ಗಿನ ಗೋಡೆಯ ಸುತ್ತ, ಎರಡು ಬೆರಳೆತ್ತರಕ್ಕೆ ತುಕ್ಕಿನ ಬಳೆ. ನೀರು ನಿಂತು ನಿಂತು ಆರಿದ ಗುರುತು. ಹಿಂದಿನ ಸೀಟಿನ ಕಾಲ ಬಳಿ ರಬ್ಬರ್ ಹಾಸು ಎತ್ತಿದೆ. ಅದರಡಿಯ ಕಾರ್ಪೆಟ್ಟು ಗಡುಸಾಗಿ, ಹಳೇ ಮುಗ್ಗಲು ವಾಸನೆ.

ನಲವತ್ತೆರಡು ಸಾಲಿನಲ್ಲಿ ನೀರು ಎಂಬ ಸಾಲೇ ಇರಲಿಲ್ಲ. ಮಳೆಗಾಲದಲ್ಲೂ ಧೂಳು ಹೊಡೆಯುವ ಊರಿನ ಡಿಪೋ ನಮ್ಮದು. ಬಸ್ಸು ನೀರಿನಲ್ಲಿ ನಿಂತದ್ದನ್ನು ನಾನು ಕಂಡಿದ್ದೇ ಇಲ್ಲ, ಹಾಗಾಗಿ ಹುಡುಕುವ ರೂಢಿಯೂ ಬೆಳೆಯಲಿಲ್ಲ. ಆದರೆ ಈ ಕಾರು ಹುಟ್ಟಿದ್ದು ನಮ್ಮೂರಲ್ಲಲ್ಲ. ಬೆಂಗಳೂರಿನಲ್ಲಿ ದೊಡ್ಡ ಮಳೆ ಬಂದಾಗ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರುಗಳು ಮುಳುಗುವುದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅವನ್ನು ಒಣಗಿಸಿ, ಒರೆಸಿ, ದೂರದ ಊರಿಗೆ ಸಾಗಿಸುತ್ತಾರೆ. ನೀರು ಕುಡಿದ ಗಾಡಿಯ ತಂತಿಗಳು ತಕ್ಷಣ ಹೋಗುವುದಿಲ್ಲ. ಒಳಗೊಳಗೇ ಹಸಿರುಗಟ್ಟಿ, ವರ್ಷ ಕಳೆದ ಮೇಲೆ ಒಂದು ರಾತ್ರಿ ದೀಪ, ಎಂಜಿನ್ ಎಲ್ಲ ಒಟ್ಟಿಗೆ ಆರುತ್ತವೆ. ಎಂಟೂವರೆ ಹೊತ್ತಿನಲ್ಲಿ, ಮನೆಗೆ ಬರುವ ದಾರಿಯಲ್ಲಿ, ಹಾನಗಲ್ಲಿಗೂ ಬಿ.ಜಿ. ಕೆರೆಗೂ ನಡುವೆ ಇವಳು ಒಬ್ಬಳೇ ಇರುವಾಗ.

ವ್ಯಾಪಾರಿಗೆ ವಿಷಯ ಹೇಳಿದೆ. ಅವನಿಗೆ ನಿಜವಾಗಿಯೂ ನಗು ಬಂತು.

"ಕುಡಿಯಾಕೆ ನೀರಿಲ್ಲದ ಸೀಮೆಯಾಗೆ ಕಾರು ಮುಳುಗಿಸಾಕೆ ನೀರು ಎಲ್ಲಿಂದ ತರ್ಲಿ ಮೇಸ್ತ್ರೀ?"

ಮುಳುಗಿದ್ದು ನಿನ್ನ ಹತ್ತಿರ ಬರುವ ಮೊದಲು ಇರಬಹುದು ಎಂದೆ. ಆಗ ನಗು ನಿಂತಿತು. ತನಗೆ ಗೊತ್ತಿಲ್ಲವೆಂದೂ, ಬಿಲ್ಕುಲ್ ಗೊತ್ತಿಲ್ಲವೆಂದೂ, ಬೇಕಾದರೆ ಹಿಂದಿನ ಮಾಲೀಕರನ್ನೇ ಕೇಳೋಣವೆಂದೂ ಹೇಳಿದ. ಆಕೆ ಮೊಳಕಾಲ್ಮೂರಿನಲ್ಲಿ ಖಾನಾವಳಿ ನಡೆಸುವ ಹೆಂಗಸು. ಅಲ್ಲೇ ಫೋನು ಹಚ್ಚಿ, ನಮಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಕೇಳಿದ: ಅಕ್ಕಾ, ನೀವು ಕೊಟ್ಟ ಡಿಕ್ಕಿ ಕಾರಿಗೆ ಯಾವಾಗಾದರೂ ನೀರಿನ ಸಮಾಚಾರ ಆಗಿತ್ತಾ?

ಆ ಕಡೆ ತಟ್ಟೆಗಳ ಸದ್ದು. ಅದರ ನಡುವೆ ಆಕೆಯ ದನಿ ಸ್ಪಷ್ಟವಾಗಿ ಬಂತು.

"ಅದನ್ನ ನೀರಿಗೇ ಬಿಟ್ಟಿದ್ವಲ್ಲಪ್ಪಾ. ಎರಡು ವರ್ಷ. ಊರಿಗೆಲ್ಲ ಗೊತ್ತೈತೆ."

ಆಮೇಲೆ ಯಾರಿಗೋ ತೆಲುಗಿನಲ್ಲಿ ಸಾರು ಬಡಿಸಲು ಹೇಳಿದಳು. ಫೋನು ಕಟ್ಟಾಯಿತು. ಮತ್ತೆ ಎರಡು ಸಲ ಹಚ್ಚಿದರೂ ಎತ್ತಲಿಲ್ಲ.

ನೀರಿಗೆ ಬಿಡುವುದೆಂದರೆ ನಮಗೆಲ್ಲ ಗೊತ್ತಿರುವುದು ಒಂದೇ. ಗಣಪತಿಯನ್ನು ಬಿಡುತ್ತೇವೆ, ಬಿಟ್ಟ ಮೇಲೆ ಅದು ಮೇಲೆ ಬರುವುದಿಲ್ಲ. ವ್ಯಾಪಾರಿ ಹಣೆ ಒರೆಸಿಕೊಂಡು, ಯಾರ ಕಣ್ಣನ್ನೂ ನೋಡದೆ, ತಾನೂ ಮೋಸ ಹೋದಂತಾಯಿತು ಎಂದ. ಹುಡುಗಿ ಡಿಕ್ಕಿಯ ಹಲಗೆಯನ್ನು ಮೆಲ್ಲಗೆ ಇದ್ದ ಜಾಗಕ್ಕೆ ಇಳಿಸಿದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ, ಪುಸ್ತಕ ತೆರೆದೆ. ಬ್ಯಾಡ ಎಂಬ ಮಾತಿನ ಮೊದಲ ಅಕ್ಷರ ಬರೆದೆ ಕೂಡ.

"ದೊಡ್ಡಪ್ಪ, ನೀವು ಈಗ ಬರೀತಿರೋದು ನೋಡಿದ್ದೋ, ಕೇಳಿದ್ದೋ?" ಎಂದಳು.

ಪೆನ್ನು ನಿಂತಿತು. ಡಿಪೋದಲ್ಲಿ ಎಷ್ಟೋ ಸಲ ಚಾಲಕರು ದಾರಿಯಿಂದ ಫೋನು ಮಾಡಿ ಗಾಡಿ ಕೆಟ್ಟಿದೆ ಎನ್ನುತ್ತಿದ್ದರು. ಹೋಗಿ ನೋಡದೆ ನಾನು ಯಾವ ಬಸ್ಸನ್ನೂ ಕೆಟ್ಟದ್ದೆಂದು ದಾಖಲಿಸಿದವನಲ್ಲ. ಇವತ್ತು ಕೇಳಿದ ಒಂದು ವಾಕ್ಯಕ್ಕೆ ಬರೆಯಹೊರಟಿದ್ದೆ. ಕಾರಣವೂ ಗೊತ್ತಿತ್ತು: ಬೆಳಿಗ್ಗೆ ತಗ್ಗನ್ನು ನೋಡದ ನಾಚಿಕೆ. ಒಂದು ತಪ್ಪನ್ನು ಮುಚ್ಚಲು ಅವಸರದಲ್ಲಿ ಇನ್ನೊಂದು.

ಅಕ್ಷರ ಹೊಡೆದುಹಾಕಿದೆ. ಮತ್ತೆ ಕಾರಿನ ಹತ್ತಿರ ಹೋಗಿ, ಈ ಸಲ ನೀರನ್ನೇ ಹುಡುಕುತ್ತಾ ಮುಂದಿನಿಂದ ಹಿಂದಕ್ಕೆ ನೋಡಿದೆ. ಮುಂದಿನ ಸೀಟುಗಳ ಕೆಳಗಿನ ಹಳಿ ಹೊಳೆಯುತ್ತಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದೆ. ಕೆಸರಿನ ಗೆರೆ ಇಲ್ಲ. ಫ್ಯೂಸ್ ಪೆಟ್ಟಿಗೆಯ ತಾಮ್ರ ತಾಮ್ರದ ಬಣ್ಣದಲ್ಲೇ ಇತ್ತು. ಹಿಂದಿನ ತುಕ್ಕಿನ ಬಳೆಯನ್ನು ಬೆರಳಿನಿಂದ ಕೆರೆದು ಬಿಳಿ ಕರವಸ್ತ್ರಕ್ಕೆ ಒರೆಸಿದೆ. ತುಕ್ಕು ಬಂತು, ಮಣ್ಣು ಬರಲಿಲ್ಲ. ಪ್ರವಾಹದ ನೀರು ಎಲ್ಲೇ ನುಗ್ಗಲಿ, ಕೆಸರನ್ನು ಬಿಟ್ಟು ಹೋಗುತ್ತದೆ. ಇಲ್ಲಿ ನಿಂತದ್ದು ಶುದ್ಧ ನೀರು, ಅದೂ ಹಿಂದೆ ಮಾತ್ರ. ಕಾರು ಬೆನ್ನ ಕಡೆಯಿಂದ ಮಾತ್ರ ಹೇಗೆ ಮುಳುಗೀತು? ನೆಲಮಾಳಿಗೆಯ ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಂತಿದ್ದರೆ ಮುಳುಗಬಹುದು. ಮುಳುಗಿತ್ತೋ ಇಲ್ಲವೋ, ಎರಡೂ ಸಾಧ್ಯವಿತ್ತು.

ಮೊಳಕಾಲ್ಮೂರಿಗೆ ಹೋಗೋಣ ಎಂದೆ. ಇದೇ ಗಾಡಿಯಲ್ಲಿ. ದಾರಿಯಲ್ಲಿ ನಿಂತುಹೋದರೆ ಉತ್ತರ ಅಲ್ಲೇ ಸಿಕ್ಕೀತು.

"ಪೆಟ್ರೋಲು ನಂದು, ದಾರಿ ನಿಮ್ದು" ಎಂದು ವ್ಯಾಪಾರಿ ಅಂಗಡಿಗೆ ಬೀಗ ಹಾಕಿ ಹಿಂದೆ ಕೂತ.

ಹನ್ನೊಂದು ನಲವತ್ತಕ್ಕೆ ಹೊರಟೆವು. ಹುಡುಗಿ ದಿನವೂ ಬಸ್ಸಿನ ಕಿಟಕಿಯಿಂದ ನೋಡಿದ ದಾರಿಯನ್ನು ಮೊದಲ ಸಲ ಗಾಜಿನ ಎದುರಿನಿಂದ ನೋಡುತ್ತಿದ್ದಳು. ಎಲ್ಲಿ ಬಸ್ಸು ನಿಲ್ಲುತ್ತದೋ ಅಲ್ಲೆಲ್ಲ ಇವಳೂ ಅರಿವಿಲ್ಲದೆ ವೇಗ ತಗ್ಗಿಸುತ್ತಿದ್ದಳು. ವ್ಯಾಪಾರಿ ಹಿಂದಿನಿಂದ ಟಿಕೆಟ್ ಟಿಕೆಟ್ ಎಂದ ಮೇಲೆ ಮೂವರಿಗೂ ಸ್ವಲ್ಪ ನಗು ಬಂತು. ಬಿ.ಜಿ. ಕೆರೆಯಲ್ಲಿ ಮತ್ತೊಮ್ಮೆ ಹೊಟ್ಟೆ ಉಜ್ಜಿತು. ಹಾನಗಲ್ಲಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿ, ಬಂಡೆಗುಡ್ಡಗಳ ನಡುವೆ ಒಂದು ಏರಿನಲ್ಲಿ ಬೇಕೆಂದೇ ನಿಲ್ಲಿಸಿ ಹ್ಯಾಂಡ್‌ಬ್ರೇಕಿನಿಂದ ಎತ್ತಲು ಹೇಳಿದೆ. ಎರಡು ಸಲ ಆರಿತು, ಮೂರನೆಯದಕ್ಕೆ ಹತ್ತಿತು.

ಖಾನಾವಳಿ ತಲುಪಿದಾಗ ಒಂದು ಗಂಟೆಗೆ ಐದು ನಿಮಿಷ. ಊಟದ ಹೊತ್ತು, ಒಳಗೆ ಕಾಲಿಡಲು ಜಾಗವಿಲ್ಲ. ಯಜಮಾನತಿ ಅರವತ್ತು ದಾಟಿದ ಗಟ್ಟಿ ಹೆಂಗಸು. ಉಣ್ಣದೆ ಮಾತಿಲ್ಲ ಎಂದು ಮೂವರನ್ನೂ ಕೂರಿಸಿ ಮುದ್ದೆ ಬಡಿಸಿದಳು. ನಾನು ಮೊದಲ ತುತ್ತಿಗೇ ಕೇಳಿಬಿಟ್ಟೆ: ಕಾರು ಯಾವ ನೀರಿನಲ್ಲಿ ಮುಳುಗಿತ್ತು ತಾಯಿ?

ಆಕೆಗೆ ಪ್ರಶ್ನೆ ಅರ್ಥವಾಗಲಿಲ್ಲ. ಫೋನಿನಲ್ಲಿ ನೀವೇ ಹೇಳಿದಿರಲ್ಲ, ನೀರಿಗೆ ಬಿಟ್ಟಿದ್ದೆವು ಎಂದು, ಎಂದೆ.

"ಹೌದು, ಬಿಟ್ಟಿದ್ವಿ. ಮನೇಲಿ ಎರಡು ಬಂಡಿ ಇದ್ವು. ಒಂದನ್ನ ಸಂತೆ ಸಾಮಾನಿಗೆ ಬಿಟ್ಟಿದ್ವಿ, ಇದನ್ನ ನೀರಿಗೆ ಬಿಟ್ಟಿದ್ವಿ. ಬೋರಿನ ನೀರು ಕೊಟ್ರೆ ಯಾರು ಉಣ್ತಾರೆ ಇಲ್ಲಿ? ಆ ಫಿಲ್ಟರು ಘಟಕದಿಂದ ದಿನಾ ಕ್ಯಾನು ತರ್ಬೇಕಲ್ಲ."

ಸೌಟು ಹಿಡಿದ ಕೈ ಅಲ್ಲೇ ನಿಲ್ಲಿಸಿ ನಮ್ಮ ಮೂವರ ಮುಖಗಳನ್ನು ನೋಡಿದಳು. ಅರ್ಥವಾಯಿತು.

"ಅಯ್ಯ, ಮುಳುಗಿಸಿದ್ವಿ ಅಂದ್ಕೊಂಡ್ರಾ? ಗಣಪತಿ ಏನಪ್ಪಾ ಅದು?"

ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ನಕ್ಕರು. ವ್ಯಾಪಾರಿ ಎಲ್ಲರಿಗಿಂತ ಜೋರಾಗಿ ನಕ್ಕ. ಹುಡುಗಿ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದಳು, ಭುಜ ಅಲುಗಾಡುತ್ತಿತ್ತು. ನನಗೆ ನಗಲು ಸ್ವಲ್ಪ ಹೊತ್ತು ಬೇಕಾಯಿತು. ದುರ್ಗಕ್ಕೆ ಯಾವ ಬಸ್ಸು ಬಿಟ್ಟಿದ್ದೀರಿ, ಆ ಹಳೇ ಗಾಡಿಯನ್ನು ಹಳ್ಳಿ ರೂಟಿಗೆ ಬಿಡಿ, ಇದನ್ನು ಜಾತ್ರೆಗೆ ಬಿಡಿ. ದಿನಕ್ಕೆ ಐವತ್ತು ಸಲ ಆ ಮಾತನ್ನೇ ಆಡಿ ವಯಸ್ಸು ಕಳೆದವನು ನಾನು. ಗಾಡಿಯನ್ನು ಒಂದು ಕೆಲಸಕ್ಕೆ ಬಿಡುವುದೆಂದರೆ ಏನೆಂದು ಆ ಅಂಗಳದಲ್ಲಿ ನಿಂತ ಮೂವರಲ್ಲಿ ನನಗೇ ಮೊದಲು ಹೊಳೆಯಬೇಕಿತ್ತು. ಹೆದರಿಕೆ ಮೊದಲೇ ಮನಸ್ಸಿನಲ್ಲಿ ಕೂತಿದ್ದರಿಂದ ಕಿವಿ ತನಗೆ ಬೇಕಾದ ನೀರನ್ನೇ ಕೇಳಿಸಿಕೊಂಡಿತ್ತು.

ಆದರೂ ಇದು ಕೂಡ ಕೇಳಿದ ಮಾತೇ. ಕೈ ತೊಳೆದು, ಒಂದು ತುಂಬಿದ ಕ್ಯಾನು ಕೊಡಿ ಎಂದು ಕೇಳಿದೆ. ಇಪ್ಪತ್ತು ಲೀಟರಿನದು. ವ್ಯಾಪಾರಿ ಎತ್ತಿಕೊಂಡು ಬಂದ. ಡಿಕ್ಕಿಯ ಹಲಗೆ ನಾಲ್ಕು ಕಡೆ ದುಂಡಗೆ ಕುಗ್ಗಿತ್ತು. ಬೆಳಿಗ್ಗೆ ಅದನ್ನು ನೋಡಿದ್ದೆ, ಯಾವುದೋ ಹೊರೆಯದೆಂದು ಬಿಟ್ಟಿದ್ದೆ. ಕ್ಯಾನಿನ ತಳ ಒಂದೊಂದಕ್ಕೂ ಅಳತೆ ತೆಗೆದಂತೆ ಕೂತಿತು. ಹಿಂದಿನ ಸೀಟಿನ ಕಾಲ ಬಳಿಯ ಕಾರ್ಪೆಟ್ಟಿನಲ್ಲೂ ಎರಡು ಬಳೆಗಳು, ಅಲ್ಲೂ ಕೂತಿತು. ಒಟ್ಟು ಆರು. ಎಷ್ಟು ಕ್ಯಾನು ತರುತ್ತಿದ್ದಿರಿ ಎಂದು ಆಮೇಲೆ ಕೇಳಿದೆ. ಆಕೆ ಆರು ಎಂದಳು. ಹಂಪು ಹಾರುವಾಗ ಮುಚ್ಚಳ ಸಡಿಲವಾಗಿ ನೀರು ಚೆಲ್ಲುತ್ತಿತ್ತಂತೆ, ಮಕ್ಕಳಿಗೆ ಎಷ್ಟು ಬೈದರೂ ವೇಗ ತಗ್ಗಿಸುತ್ತಿರಲಿಲ್ಲವಂತೆ. ಈಗ ಘಟಕದವರೇ ಆಟೋದಲ್ಲಿ ಬಾಗಿಲಿಗೆ ತಂದು ಹಾಕುತ್ತಾರೆ, ಅದಕ್ಕೇ ಕಾರು ಕೊಟ್ಟದ್ದು.

ಆರು ಕ್ಯಾನು ಎಂದ ಕೂಡಲೇ ಇನ್ನೊಂದು ಗಂಟೂ ಬಿಚ್ಚಿಕೊಂಡಿತು. ಇಪ್ಪತ್ತು ಆರಲಿ ನೂರಿಪ್ಪತ್ತು ಕಿಲೋ, ಎರಡು ವರ್ಷ, ದಿನವೂ, ಎಲ್ಲ ಹಿಂದಿನ ಚಕ್ರಗಳ ಮೇಲೆ. ಹಿಂಬದಿಯ ಮೂರು ಬೆರಳಿನ ಸಂದಿ ಈ ಮಾದರಿಯ ಗುಣವಲ್ಲ, ಸೋತ ಸ್ಪ್ರಿಂಗು. ಹಂಪಿಗೆ ಉಜ್ಜುತ್ತಿದ್ದುದೂ ಅದಕ್ಕೇ. ಪ್ರಶ್ನೆ ಚಿಹ್ನೆ ಹಾಕಿದ್ದ ಸಾಲಿಗೆ ಈಗ ಉತ್ತರ ಇತ್ತು, ಮತ್ತು ಅದು ಬದಲಿಸಬಹುದಾದ ಉತ್ತರ.

ವ್ಯಾಪಾರಿಗೆ ಮೂರು ಷರತ್ತು ಹೇಳಿದೆ: ಹಿಂದಿನ ಸ್ಪ್ರಿಂಗು ಜೋಡಿ ಹೊಸದು, ತುಕ್ಕು ಕೆರೆದು ಬಣ್ಣ, ಹಿಂದಿನ ಕಾರ್ಪೆಟ್ಟು ಕಿತ್ತು ಬೇರೆಯದು. ಇವತ್ತೇ, ನನ್ನ ಕಣ್ಣೆದುರಿಗೆ. ಅವನು ಸ್ಪ್ರಿಂಗಿನ ಬಗ್ಗೆ ಸ್ವಲ್ಪ ಎಳೆದಾಡಿದ. ಖಾನಾವಳಿಯ ಅಕ್ಕನೇ ನಡುವೆ ಬಂದು, ಮೂರು ವಾರದಲ್ಲಿ ನೀನು ಒಮ್ಮೆಯೂ ಹಲಗೆ ಎತ್ತಿ ನೋಡಲಿಲ್ಲವಲ್ಲ, ಅದಕ್ಕೆ ದಂಡ ಕಟ್ಟು ಎಂದಳು. ಒಪ್ಪಿದ.

ಮೊಳಕಾಲ್ಮೂರು ಬಿಡುವಾಗ ಎರಡು ಗಂಟೆ. ಆಸ್ಪತ್ರೆಯ ಮುಂದೆ ಹಾದು ಹೋಗುವಾಗ ಹುಡುಗಿ ಗೇಟಿನ ಒಳಗೆ ಕಾರು ನಿಲ್ಲಿಸುವ ಜಾಗವನ್ನು ಕಣ್ಣಿನಲ್ಲೇ ಅಳೆದಳು. ಕ್ವಾರ್ಟರ್ಸ್ ಬೇಡವೆಂದು ಈಗಲೇ ಒಳಗೆ ಹೋಗಿ ಹೇಳಿಬಿಡಲೇ ಎಂದು ಕೇಳಿದಳು.

"ಕೆಲಸ ಮುಗೀಲವ್ವಾ. ಮುಗಿಯೋಕೆ ಮುಂಚೆ ಹೇಳಬಾರ್ದು."

ಚಳ್ಳಕೆರೆಯ ಬಿಡಿಭಾಗದ ಅಂಗಡಿಯಲ್ಲಿ ಸ್ಪ್ರಿಂಗು ಸಿಕ್ಕಿತು. ಟ್ಯಾಕ್ಸಿಯವರಿಗೆಂದು ಯಾವಾಗಲೂ ಇಟ್ಟಿರುತ್ತಾರಂತೆ. ಮೂರು ಮುಕ್ಕಾಲಿಗೆ ಗ್ಯಾರೇಜಿನಲ್ಲಿ ಗಾಡಿ ಎತ್ತಿದರು. ಹಳೇ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿ ಟೇಪು ಹಿಡಿದು ಹುಡುಗಿಗೆ ತೋರಿಸಿದೆ, ಹೆಬ್ಬೆರಳಿನಷ್ಟು ಗಿಡ್ಡ. ಗ್ಯಾರೇಜಿನವನು ಸ್ಪ್ರಿಂಗು ಕೂರಿಸುವಷ್ಟರಲ್ಲಿ ನಾನು ಡಿಕ್ಕಿಯ ತಗ್ಗಿಗೆ ಇಳಿದೆ. ತಂತಿ ಬ್ರಷ್ಷಿನಿಂದ ಕೆರೆದಂತೆ ಕೆಳಗೆ ಗಟ್ಟಿ ತಗಡೇ ಸಿಕ್ಕಿತು. ತೂತಿಲ್ಲ, ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ಒತ್ತಿ ನೋಡಿದೆ. ತಳದಲ್ಲಿದ್ದ ರಬ್ಬರ್ ಬಿರಡೆಯನ್ನು ಹುಡುಗಿಯ ಕೈಯಿಂದಲೇ ತೆಗೆಸಿ, ಮತ್ತೆ ಹಾಕಿಸಿ, ನೀರು ಸೇರಿದರೆ ಏನು ಮಾಡಬೇಕೆಂದು ಹೇಳಿಕೊಟ್ಟೆ. ಅಷ್ಟರಲ್ಲಿ ವ್ಯಾಪಾರಿ ಹಿಂದಿನ ಕಾರ್ಪೆಟ್ಟು ಕಿತ್ತು ಬೇರೆಯದು ಹಾಸಿದ್ದ. ಆಮೇಲೆ ನಾನು ತಗ್ಗಿಗೆ ರೆಡ್ ಆಕ್ಸೈಡ್ ಬಳಿದೆ. ಅದು ಒಣಗುವವರೆಗೆ ಪುಸ್ತಕದಲ್ಲಿ ನಲವತ್ಮೂರನೆಯ ಸಾಲು ಬರೆದೆ. ಹಾಸು ಎತ್ತಿ ನೋಡುವುದು ಎಂದು.

ಐದು ಗಂಟೆಗೆ ಗಾಡಿ ಕೆಳಗಿಳಿಯಿತು. ಹಿಂದಿನ ಚಕ್ರದ ಮೇಲೆ ಬೆರಳಿಟ್ಟೆ. ನಾಲ್ಕು. ಗ್ಯಾರೇಜಿನವನನ್ನೂ ಅವನ ಗೆಳೆಯನನ್ನೂ ಸೇರಿಸಿ ಐವರು ಕೂತು ಬೆಳಗಿನ ಅದೇ ಹಂಪಿಗೆ ಹೋದೆವು. ಹುಡುಗಿ ಎರಡನೇ ಗೇರಿನಿಂದ ಮೊದಲಿಗೆ ಇಳಿಸಿ ನೇರವಾಗಿ ಹತ್ತಿಸಿದಳು. ಮುಂದಿನ ಚಕ್ರ ಇಳಿಯಿತು, ಹಿಂದಿನದು ಹತ್ತಿತು, ಇಳಿಯಿತು. ಯಾವ ಸದ್ದೂ ಬರಲಿಲ್ಲ.

ರಸ್ತೆ ಬದಿಗೆ ನಿಲ್ಲಿಸಲು ಹೇಳಿ, ಪುಸ್ತಕವನ್ನು ಮೊಣಕಾಲ ಮೇಲಿಟ್ಟು ಬರೆದೆ. ಬರೆದದ್ದನ್ನು ಅವಳ ಕಡೆ ತಿರುಗಿಸಿ ಹಿಡಿದೆ.

"ತಗೋ ಅಂತ ಬಾಯಲ್ಲೂ ಹೇಳ್ರಿ ದೊಡ್ಡಪ್ಪ."

"ತಗೋ."

ಅವಳು ಕೆಳಗಿಳಿದು ಬೇಲಿಯ ಹತ್ತಿರ ಹೋಗಿ ಆಸ್ಪತ್ರೆಗೆ ಫೋನು ಮಾಡಿದಳು. ಏನು ಹೇಳಿದಳೋ ಕೇಳಿಸಲಿಲ್ಲ. ವಾಪಸು ಬಂದು ಕೂತು, ಇನ್ನೊಬ್ಬ ನರ್ಸಿಗೆ ಕೋಣೆ ಪೂರ್ತಿ ಸಿಕ್ಕಿ ಖುಷಿಯಾಯಿತಂತೆ ಎಂದಳು.

ಕಾಗದಪತ್ರಕ್ಕೆ ಸಹಿಗಳಾಗಿ ಅವಳ ಮನೆಯ ಓಣಿಗೆ ಬಂದಾಗ ಆರು ಗಂಟೆ ಹತ್ತು ನಿಮಿಷ, ಇನ್ನೂ ಬೆಳಕಿತ್ತು. ಓಣಿ ಕಿರಿದು, ಹಿಂದಕ್ಕೆ ತೆಗೆದೇ ನಿಲ್ಲಿಸಬೇಕು. ನಾನು ಇಳಿದು ಗೋಡೆಯ ಪಕ್ಕ ನಿಂತೆ, ಕೈ ಬೀಸಲಿಲ್ಲ. ನಾಲ್ಕು ಸಲ ಮುಂದೆ, ಐದು ಸಲ ಹಿಂದೆ. ಎದುರು ಮನೆಯ ಜಗುಲಿಯ ಮೇಲಿದ್ದವರು ಸಲಹೆ ಕೊಟ್ಟರು, ಅವಳು ಯಾರ ಮಾತನ್ನೂ ಕೇಳಲಿಲ್ಲ. ಗೋಡೆಗೂ ಬಾಲಕ್ಕೂ ಒಂದು ಮೊಳ ಬಿಟ್ಟು ನಿಂತಿತು. ಮಗಳು ಓಡಿಬಂದು ಹಿಂದಿನ ಸೀಟು ಹತ್ತಿದವಳು ಇಳಿಯಲು ಒಪ್ಪದೆ ಅಲ್ಲೇ ಕೂತಳು. ಅವ್ವ ಒಳಗಿಂದ ಬಂದು ಕಾರನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ತಲೆಯಾಡಿಸಿದೆ.

ನಡುಮನೆಯಲ್ಲಿ ಬಾಗಿಲ ಪಕ್ಕಕ್ಕೆ ಒಂದು ಹಾಸಿಗೆ ಸುರುಳಿ ನಿಂತಿತ್ತು. ಕ್ವಾರ್ಟರ್ಸಿಗೆಂದು ಅವ್ವನೇ ಎರಡು ದಿನದ ಹಿಂದೆ ಕಟ್ಟಿಟ್ಟದ್ದು: ಒಂದು ಕಂಬಳಿ, ಚಾದರ, ದಿಂಬು, ಮೇಲೆ ಗೋಣಿದಾರದ ಬಿಗಿ ಕಟ್ಟು. ಗಂಟು ಹುಡುಗಿಯ ಬೆರಳಿಗೆ ಬಗ್ಗಲಿಲ್ಲ. ನಾನು ಕೂತು ಬಿಚ್ಚಿಕೊಟ್ಟೆ. ಅವಳು ಹಾಸಿಗೆಯನ್ನು ಒಳಕೋಣೆಗೆ ಒಯ್ದು, ಮಗು ಮಲಗುವ ಮಗ್ಗುಲಿಗೆ ಹಾಸಿ, ಕಂಬಳಿ ಕೊಡವಿ ಹೊದಿಸಿದಳು. ನಾನು ದಾರವನ್ನು ಸಿಕ್ಕಿಲ್ಲದಂತೆ ಮೊಣಕೈಗೆ ಸುತ್ತಿ, ಕೊನೆ ಸಿಗಿಸಿ, ಬಾಗಿಲ ಹಿಂದಿನ ಮೊಳೆಗೆ ಹಾಕಿದೆ. ಗಂಟೆ ಆರು ನಲವತ್ತು.